ಚೆಂಡಿಗಿಂತ ಮೊದಲು ಮಾತು

ಖೋ ಖೋ ಆಟದಲ್ಲಿ ಬಾಯಿ ತೆರೆಯದವನಿಗೆ ಆಟವೇ ಇಲ್ಲ. ಬೆನ್ನಟ್ಟಿ ಓಡುವವನು ಕೂತವನ ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ ‘ಖೋ’ ಎನ್ನಬೇಕು. ಮುಟ್ಟಿದ್ದೊಂದೇ ಸಾಲದು, ಅಂದದ್ದೊಂದೇ ಸಾಲದು. ಕಬಡ್ಡಿಯಲ್ಲಂತೂ ‘ಕಬಡ್ಡಿ ಕಬಡ್ಡಿ’ ಎನ್ನುವ ದನಿ ಎದುರಾಳಿಯ ಅಂಗಳದಲ್ಲಿ ಕಡಿದುಹೋದರೆ ದಾಳಿಗೆ ಹೋದವನ ಕಥೆ ಮುಗಿಯಿತು. ಈ ನೆಲದಲ್ಲಿ ಹುಟ್ಟಿದ ಈ ಎರಡು ಆಟಗಳಲ್ಲಿ ಮಾತು ನಿಯಮದ ಭಾಗ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಕರ್ನಾಟಕದ ಎಂ.ಕೆ. ಗೌತಮ್ ಪುರುಷರ ತಂಡದಲ್ಲಿ, ಬಿ. ಚೈತ್ರಾ ಮಹಿಳೆಯರ ತಂಡದಲ್ಲಿ ಆಡಿ ಕಪ್ ಗೆದ್ದು ಬಂದರು. ನಮ್ಮ ಶಾಲೆಗಳ ಅಂಗಳದಲ್ಲಿ ಮಕ್ಕಳು ದಿನವೂ ಕೂಗುವ ಅದೇ ಎರಡಕ್ಷರ ಅಲ್ಲಿಯೂ ಕೇಳಿತು.

ಫುಟ್‌ಬಾಲ್‌ಗೆ ಇಂಥ ನಿಯಮವಿಲ್ಲ. ಆ ಆಟಕ್ಕೆ ಒಟ್ಟು 17 ಕಾನೂನುಗಳಿವೆ. ಚೆಂಡಿನ ಸುತ್ತಳತೆ, ಗೋಲಿನ ಅಗಲ, ಕಣಕಾಲಿನ ಕಾವಲು, ಎಲ್ಲದರ ಬಗ್ಗೆಯೂ ಅವು ಹೇಳುತ್ತವೆ. ಜೊತೆಗಾರನೊಂದಿಗೆ ಮಾತಾಡಬೇಕು ಎಂದು ಮಾತ್ರ ಎಲ್ಲಿಯೂ ಇಲ್ಲ. ಆದ್ದರಿಂದ ನಮ್ಮ ಶಾಲೆಗಳಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ. ಚೆಂಡು ಒದೆಯುವುದು, ತಡೆಯುವುದು, ತಲೆಯಿಂದ ಹೊಡೆಯುವುದು ಕಲಿಸುತ್ತಾರೆ. ಆಮೇಲೆ ಆಟದ ನಡುವೆ ಗೆರೆಯ ಹೊರಗೆ ನಿಂತು ‘ಮಾತಾಡ್ರೋ! ಮಾತಾಡ್ರೋ!’ ಎಂದು ಕೂಗುತ್ತಾರೆ. ಏನು ಮಾತಾಡಬೇಕು, ಯಾವಾಗ, ಯಾರಿಗೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ.

ಶಿಗ್ಲಿಯಂಥ ಊರಿನ ಶಾಲೆಯ ಬಯಲಿಗೆ ಸಂಜೆ ಹೊತ್ತು ಹೋಗಿ ನಿಂತರೆ ಈ ಮಾತು ಅರ್ಥವಾಗುತ್ತದೆ. ಲಕ್ಷ್ಮೇಶ್ವರದ ಮಗ್ಗುಲಿನ ಈ ನೇಕಾರರ ಊರು ಫುಟ್‌ಬಾಲ್‌ಗೆ ಹೆಸರಾದದ್ದಲ್ಲ. ಗದಗ ಸೀಮೆಯಲ್ಲಿ ಆಟವೆಂದರೆ ಕುಸ್ತಿ, ಹಾಕಿ, ಸೈಕಲ್, ಮತ್ತೆ ಗದಗಿನ ಸುನಿಲ್ ಜೋಶಿ ಭಾರತ ತಂಡಕ್ಕೆ ಆಡಿದ ಮೇಲಂತೂ ಕ್ರಿಕೆಟ್. ಆದರೂ ಒಂದು ಚೆಂಡು ಸಿಕ್ಕರೆ ಇಪ್ಪತ್ತು ಮಕ್ಕಳು ಕೂಡುತ್ತಾರೆ. ಆ ಇಪ್ಪತ್ತೂ ಮಂದಿ ಬೆಲ್ಲಕ್ಕೆ ಮುತ್ತಿದ ಇರುವೆಯಂತೆ ಚೆಂಡಿನ ಸುತ್ತಲೇ ಇರುತ್ತಾರೆ. ಗದ್ದಲಕ್ಕೇನೂ ಕೊರತೆಯಿಲ್ಲ: ‘ನನಗ ಕೊಡೋ’, ‘ಏ ಹೊಡಿಯೋ’, ‘ಥೂ, ಏನ್ ಆಡ್ತಿಯೋ’. ಈ ಮೂರರಲ್ಲಿ ಮೊದಲನೆಯದು ಬೇಡಿಕೆ, ಎರಡನೆಯದು ಅವಸರ, ಮೂರನೆಯದು ಬೈಗುಳ. ಚೆಂಡು ಇರುವವನಿಗೆ ಬೇಕಾದ ಸುದ್ದಿ, ಅಂದರೆ ಅವನ ಕಣ್ಣಿಗೆ ಕಾಣದ್ದು, ಒಂದರಲ್ಲೂ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ. ಮೈದಾನದ ಮಾತು ಕೂಡ ಪಾಸ್ ಕೊಟ್ಟ ಹಾಗೆಯೇ ಒಂದು ಕಸುಬು. ಅದನ್ನು ದಿನ ದಿನ ಕಲಿಸಬೇಕು, ಮತ್ತು ಮಕ್ಕಳ ಮನೆಮಾತಿನಲ್ಲಿಯೇ ಕಲಿಸಬೇಕು.

ಮೊದಲು ಮಾತು ಏಕೆ ಬೇಕು ಎಂಬುದನ್ನು ನೋಡೋಣ. ಹನ್ನೆರಡು ವರ್ಷದ ಹುಡುಗನಿಗೆ ಚೆಂಡು ಬರುತ್ತಿದೆ ಎನ್ನಿ. ಅವನ ಕಣ್ಣು ಪೂರ್ತಿ ಚೆಂಡಿನ ಮೇಲೆ. ಚೆಂಡನ್ನು ನಿಲ್ಲಿಸುವ ಕೆಲಸವೇ ಅವನ ಗಮನವನ್ನೆಲ್ಲ ನುಂಗಿರುತ್ತದೆ. ಬೆನ್ನ ಹಿಂದೆ ಎದುರಾಳಿ ಓಡಿಬರುತ್ತಿದ್ದಾನೋ ಖಾಲಿ ಬಯಲಿದೆಯೋ ಅವನಿಗೆ ತಿಳಿಯದು. ನುರಿತ ಆಟಗಾರರು ಚೆಂಡು ಬರುವ ಮೊದಲೇ ಎರಡು ಮೂರು ಸಲ ಹೆಗಲ ಮೇಲಿಂದ ಹಿಂದಕ್ಕೆ ನೋಡಿರುತ್ತಾರೆ. ನಾರ್ವೆಯ ಕ್ರೀಡಾ ವಿಜ್ಞಾನಿ ಗೆಯ್ರ್ ಯೂರ್ಡೆಟ್ ಇಂಗ್ಲೆಂಡಿನ ದೊಡ್ಡ ಲೀಗಿನ ಮಿಡ್‌ಫೀಲ್ಡರ್‌ಗಳ ಇಂಥ ನೋಟಗಳನ್ನೇ ಎಣಿಸಿ ಅಧ್ಯಯನ ಮಾಡಿದರು. ಹೆಚ್ಚು ಸಲ ಸುತ್ತ ನೋಡುವವರ ಪಾಸ್‌ಗಳು ಹೆಚ್ಚು ಗುರಿ ಮುಟ್ಟುತ್ತಿದ್ದವು. ಮಕ್ಕಳಿಗೆ ಆ ನೋಟ ಕೂಡಿಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಜೊತೆಗಾರನ ದನಿಯೇ ಅವರ ಬೆನ್ನಿನ ಕಣ್ಣು. ಮೂವತ್ತು ಮೀಟರ್ ದೂರದಿಂದ ಕೂಗಿದ್ದು ಕಿವಿಗೆ ತಲುಪಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಂಡದ್ದಕ್ಕಿಂತ ಕೇಳಿದ್ದಕ್ಕೆ ಮೈ ತುಸು ಬೇಗನೆ ಎಚ್ಚೆತ್ತುಕೊಳ್ಳುತ್ತದೆ ಕೂಡ.

ಹಾಗಾದರೆ ಮಾತು ಬರಬೇಕಾದ ಹೊತ್ತು ಯಾವುದು? ಹತ್ತು ಹನ್ನೆರಡು ಮೀಟರಿನ ಪಾಸ್ ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಸೇರಲು ಸುಮಾರು ಒಂದು ಸೆಕೆಂಡು. ‘ಬೆನ್ನಿಗೆ ಬಂದ’ ಎಂಬ ಸುದ್ದಿ ಆ ಒಂದು ಸೆಕೆಂಡಿನೊಳಗೆ ಮುಟ್ಟಬೇಕು. ಚೆಂಡು ಕಾಲಿಗೆ ತಗುಲಿದ ಮೇಲೆ ಅದೇ ಮಾತು ಬಂದರೆ ಗಾಬರಿ. ಚೆಂಡು ಕಳೆದುಹೋದ ಮೇಲೆ ಬಂದರೆ ಆಪಾದನೆ. ಒಂದೇ ವಾಕ್ಯ, ಹೊತ್ತು ಬದಲಾದ ಹಾಗೆ ಅದರ ಜಾತಿಯೇ ಬದಲಾಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮಾತುಗಾರರೇ ನಮ್ಮ ಮೈದಾನಗಳಲ್ಲಿ ಹೆಚ್ಚು. ತರಬೇತುದಾರರು ಮೊದಲು ಕಲಿಸಬೇಕಾದದ್ದು ಏರುದನಿಯನ್ನಲ್ಲ, ಈ ಹೊತ್ತನ್ನು.

ಇನ್ನು ಪದಗಳ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಗರದ ಅಕಾಡೆಮಿಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಪದಗಳ ಒಂದು ಕಟ್ಟನ್ನೇ ಕೊಡುತ್ತಾರೆ: ಮ್ಯಾನ್ ಆನ್, ಟರ್ನ್, ಟೈಮ್, ಸ್ವಿಚ್, ಲೀವ್ ಇಟ್. ಶಿಗ್ಲಿಯ ಆರನೇ ತರಗತಿಯ ಹುಡುಗಿ ಅವನ್ನು ಬಾಯಿಪಾಠ ಮಾಡಿಯಾಳು. ಆದರೆ ಏದುಸಿರಿನಲ್ಲಿ, ಗಾಬರಿಯಲ್ಲಿ, ಅರೆ ಸೆಕೆಂಡಿನಲ್ಲಿ ಬಾಯಿಗೆ ಬರುವುದು ಬಾಯಿಪಾಠದ ಪದವಲ್ಲ. ಎಡವಿದಾಗ ‘ಯವ್ವಾ’ ಅನ್ನುವ ಬಾಯಿಗೆ ಆ ಹೊತ್ತಿನಲ್ಲಿ ಮನೆಮಾತೇ ಬರುತ್ತದೆ. ಹಾಗಿರುವಾಗ ಆ ಮನೆಮಾತನ್ನೇ ಹದ ಮಾಡಿ ಕೊಡುವುದು ಸರಿಯಾದ ದಾರಿ.

ಮತ್ತು ಇಲ್ಲಿಯ ಮಾತೇನು ಕಡಿಮೆಯದೇ? ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಎಣಿಸಿದ್ದು ಈ ಪುಲಿಗೆರೆಯನ್ನು. ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ. ಆ ಸೀಮೆಯ ಮಕ್ಕಳಿಗೆ ಚೆಂಡಾಟದ ನಾಲ್ಕು ಕೂಗನ್ನು ಹೊರಗಿನಿಂದ ತರಬೇಕಾಗಿಲ್ಲ.

‘ನಂದು’ ಎಂಬುದು ಈಗಾಗಲೇ ಇದೆ, ಚೆಂಡಿಗೆ ನಾನು ಹೋಗುತ್ತೇನೆ ಎಂಬ ಅರ್ಥದಲ್ಲಿ. ‘ಹೊಳ್ಳು’ ಇದೆ. ತಿರುಗು ಎನ್ನುವುದಕ್ಕೆ ಧಾರವಾಡ, ಗದಗದ ಕಡೆ ಆಡುವ ಈ ಎರಡಕ್ಷರದ ಪದ ‘ಟರ್ನ್’ಗಿಂತ ದೂರ ಕೇಳುತ್ತದೆ. ನಡುವಿನ ‘ಳ್ಳ’ ಗಾಳಿಯಲ್ಲಿ ಕರಗುವುದಿಲ್ಲ. ‘ನಿಧಾನ’ ಇದೆ, ಯಾರೂ ಹತ್ತಿರವಿಲ್ಲ, ಅವಸರ ಬೇಡ ಎನ್ನಲು. ‘ವಾಪಸ್’ ಇದೆ, ಹಿಂದಕ್ಕೆ ಕೊಡು ಎನ್ನಲು. ಎದುರಾಳಿ ಮೈಮೇಲೆ ಬರುತ್ತಿದ್ದರೆ ‘ಬೆನ್ನಿಗೆ!’ ಎಂದರೆ ಸಾಕು, ಯಾರು, ಎಲ್ಲಿ ಎಂಬುದೆಲ್ಲ ಅದರಲ್ಲೇ ಇದೆ.

ಆದರೆ ಎಲ್ಲ ಪದಗಳೂ ಮೈದಾನಕ್ಕೆ ಒಗ್ಗುವುದಿಲ್ಲ. ನಂದು, ಬಂದ, ಹಿಂದ, ಮುಂದ. ಈ ನಾಲ್ಕನ್ನೂ ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿ. ಮೂವತ್ತು ಮೀಟರ್ ಆಚೆ ಮೊದಲಕ್ಷರ ಗಾಳಿಗೆ ಹೋಗಿ ‘...ಂದ’ ಎಂಬ ಬಾಲವಷ್ಟೇ ಉಳಿಯುತ್ತದೆ. ಮುಂದಕ್ಕೆ ಹೊಡೆ ಎಂದಿರೋ, ಹಿಂದೆ ಬಂದ ಎಂದಿರೋ, ಕೇಳಿದವನಿಗೆ ಗೊತ್ತಾಗದು. ಆದ್ದರಿಂದ ನಾಲ್ಕರಲ್ಲಿ ಒಂದನ್ನು ಮಾತ್ರ, ಬಹುಶಃ ‘ನಂದು’ವನ್ನು, ಇಟ್ಟುಕೊಂಡು ಉಳಿದವಕ್ಕೆ ಬೇರೆ ದನಿಯ ಪದ ಹುಡುಕಬೇಕು. ‘ಬಿಡು’ ಎಂಬುದು ಇನ್ನೂ ಅಪಾಯದ್ದು. ಚೆಂಡನ್ನು ಮುಟ್ಟದೆ ಹೋಗಗೊಡು ಎಂದೂ ಆಗುತ್ತದೆ, ನನ್ನ ಕಡೆ ಬಿಡು ಎಂದೂ ಆಗುತ್ತದೆ, ‘ಬಿಡು ಗೋಲಿಗೆ’ ಎಂದರೆ ಹೊಡೆ ಎಂದೂ ಆಗುತ್ತದೆ. ‘ಹೊಡಿ’ಯೂ ಅಷ್ಟೆ, ಗೋಲಿಗೋ ಗೆರೆಯಾಚೆಗೋ? ಯಾವ ಅರ್ಥ ಎಂಬುದನ್ನು ಆಟಕ್ಕಿಳಿಯುವ ಮೊದಲು ತಂಡವೇ ಕೂತು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸುವ ಹದಿನೈದು ನಿಮಿಷ ಮಕ್ಕಳಿಗೆ ಎಷ್ಟು ಖುಷಿ ಕೊಡುತ್ತದೆ! ಭಾಷೆ ತಮ್ಮದು, ಪದ ಆರಿಸುವವರೂ ತಾವು. ತಾವೇ ಆರಿಸಿದ ಪದವನ್ನು ಯಾವ ಮಗುವೂ ಮರೆಯುವುದಿಲ್ಲ.

ಎಡಕ, ಬಲಕ ಎಂಬುದರಲ್ಲೂ ಒಂದು ತೊಡಕಿದೆ. ಗೋಲ್‌ಕೀಪರನ ಎಡಗೈ ಕಡೆ ಅವನತ್ತ ಮುಖ ಮಾಡಿ ನಿಂತವನ ಬಲಗೈ. ‘ಎಡಕ!’ ಎಂದರೆ ಯಾರ ಎಡ? ಇದಕ್ಕೆ ಹಳ್ಳಿಯ ಮೈದಾನದಲ್ಲಿ ಬಲು ಸೊಗಸಾದ ಉತ್ತರವಿದೆ: ‘ಗುಡಿ ಕಡೆ’, ‘ಸಾಲಿ ಕಡೆ’, ‘ರೋಡ್ ಕಡೆ’. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದರೂ ಗುಡಿ ಜಾಗ ಬದಲಿಸುವುದಿಲ್ಲ. ಬೇರೆ ಊರಿಗೆ ಆಡಲು ಹೋದರೆ ಮೈಮುರಿಯುವ ಹೊತ್ತಿನಲ್ಲಿ ಸುತ್ತ ನೋಡಿ, ಈ ಕಡೆ ಬೇವಿನಮರ, ಆ ಕಡೆ ನೀರಿನ ಟಾಕಿ ಎಂದು ಗುರುತು ಮಾಡಿಕೊಂಡರೆ ಆಯಿತು.

ಪದಕ್ಕಿಂತ ಮೊದಲು ಹೆಸರು. ರೈತ ಜೋಡಿ ಎತ್ತಿನಲ್ಲಿ ಒಂದನ್ನು ಎಚ್ಚರಿಸಬೇಕಾದರೆ ಮೊದಲು ಅದರ ಹೆಸರು ಹಿಡಿದು ಕೂಗುತ್ತಾನೆ, ಆಮೇಲೆ ಏನು ಮಾಡಬೇಕೆಂದು ಹೇಳುತ್ತಾನೆ. ಹೆಸರಿಲ್ಲದ ‘ಹೊಳ್ಳು’ ಕೇಳಿ ಮೂವರು ಹೊಳ್ಳುತ್ತಾರೆ. ಒಂದೇ ತಂಡದಲ್ಲಿ ಇಬ್ಬರು ಬಸವರಾಜ, ಮೂವರು ಮಂಜುನಾಥ ಇರುವುದು ನಮ್ಮಲ್ಲಿ ಸಾಮಾನ್ಯ. ಅವರಿಗೆ ಮೈದಾನಕ್ಕೆಂದೇ ಎರಡಕ್ಷರದ ಬೇರೆ ಬೇರೆ ಹೆಸರಿಡಬೇಕು. ಅದು ಗೇಲಿಯ ಅಡ್ಡಹೆಸರಾಗದಂತೆ ನೋಡಿಕೊಳ್ಳುವುದು ಮಾಸ್ತರರ ಹೊಣೆ. ಆ ಮಗುವಿಗೇ ಕೇಳಿ ಇಡುವುದು ಇನ್ನೂ ಒಳ್ಳೆಯದು.

ಹೆಸರಿನ ಜೊತೆಗೇ ಬರುವುದು ನಮ್ಮ ಸೀಮೆಯ ದೊಡ್ಡ ಪ್ರಶ್ನೆ, ಮರ್ಯಾದೆಯದು. ಆರನೇ ತರಗತಿಯ ಹುಡುಗ ಗೋಲಿನಲ್ಲಿ ನಿಂತಿದ್ದಾನೆ, ಮುಂದೆ ಡಿಫೆಂಡರ್ ಆಗಿರುವವನು ಒಂಬತ್ತನೇ ತರಗತಿಯವನು, ಒಂದೇ ಓಣಿಯವನು. ಅವನಿಗೆ ‘ಏ ಬಸು, ಬಿಡು’ ಎನ್ನಲು ಈ ಹುಡುಗನಿಗೆ ನಾಲಿಗೆ ಏಳುವುದಿಲ್ಲ. ‘ಬಸಣ್ಣಾ, ಬಿಡ್ರಿ’ ಎನ್ನಬೇಕೋ ಏನೋ ಎಂದು ಯೋಚಿಸುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. ‘ಬಿಡು’ವಿಗೂ ‘ಬಿಡ್ರಿ’ಗೂ ಅಕ್ಷರದ ಲೆಕ್ಕದಲ್ಲಿ ವ್ಯತ್ಯಾಸವೇನಿಲ್ಲ. ತಡೆಯುವುದು ಅಂಜಿಕೆ. ಇದನ್ನು ಬಿಡಿಸುವ ಅಧಿಕಾರ ದೊಡ್ಡವರಿಗೆ ಮಾತ್ರ ಇದೆ. ಸುಣ್ಣದ ಗೆರೆಯ ಒಳಗೆ ಎಲ್ಲರೂ ಏಕವಚನ, ಹೊರಗೆ ಬಂದ ಮೇಲೆ ಅಣ್ಣ ಅಣ್ಣನೇ ಎಂದು ಮಾಸ್ತರರು ಹೇಳಿಬಿಡಬೇಕು. ಹೇಳಿದ್ದು ಹಿರಿಯ ಹುಡುಗರ ಮುಂದೆಯೇ ಆಗಬೇಕು. ಚಿಕ್ಕವನ ಕೂಗಿಗೆ ದೊಡ್ಡವನು ಒಮ್ಮೆ ಸರಕ್ಕನೆ ಜಾಗ ಬಿಟ್ಟುಕೊಟ್ಟರೆ ಸಾಕು, ಆ ಚಿಕ್ಕವನ ದನಿ ಮರುದಿನದಿಂದ ಬೇರೆಯೇ ಆಗಿರುತ್ತದೆ.

ಗೋಲ್‌ಕೀಪರನ ವಿಷಯ ಬಂತು. ನಮ್ಮ ಊರುಗಳಲ್ಲಿ ಗೋಲಿಗೆ ಯಾರನ್ನು ನಿಲ್ಲಿಸುತ್ತಾರೆ? ಓಡಲಾರದವನನ್ನು, ಎಲ್ಲರಿಗಿಂತ ಸಣ್ಣವನನ್ನು, ಆರಿಸುವಾಗ ಕೊನೆಗೆ ಉಳಿದವನನ್ನು. ಆದರೆ ಇಡೀ ಮೈದಾನ ಕಾಣುವುದು ಅವನೊಬ್ಬನಿಗೇ. ಡಿಫೆಂಡರಿಗೆ ಮುಂದಿನವರ ಬೆನ್ನು ಕಾಣುತ್ತದೆ, ಮುಂಪಡೆಯಲ್ಲಿ ಆಡುವವನಿಗೆ ಬಹುಪಾಲು ಎದುರಾಳಿಗಳಷ್ಟೇ ಕಾಣುತ್ತಾರೆ. ಹಾಗಾಗಿ ಫುಟ್‌ಬಾಲ್‌ನಲ್ಲಿ ಮಾತು ಹಿಂದಿನಿಂದ ಮುಂದಕ್ಕೆ ಹರಿಯಬೇಕು. ಅತಿ ಹೆಚ್ಚು ಮಾತಾಡಬೇಕಾದ ಜಾಗದಲ್ಲಿ ಅತಿ ಕಡಿಮೆ ಮಾತಾಡುವ ಮಗುವನ್ನು ನಿಲ್ಲಿಸಿ, ಗೋಲಾದಾಗ ಅವನನ್ನೇ ಬೈಯುವುದು ಎಂಥ ಅನ್ಯಾಯ! 2020–21ರಲ್ಲಿ ಇಂಡಿಯನ್ ಸೂಪರ್ ಲೀಗ್ ಪೂರ್ತಿಯಾಗಿ ಗೋವಾದ ಖಾಲಿ ಕ್ರೀಡಾಂಗಣಗಳಲ್ಲಿ ನಡೆಯಿತು. ಕೊರೊನಾ ಕಾಲದ ಅಂಥ ಪಂದ್ಯಗಳನ್ನು ಟಿವಿಯಲ್ಲಿ ನೋಡಿದವರಿಗೆ, ಜನರ ಗದ್ದಲದಲ್ಲಿ ಎಂದೂ ಕೇಳದಿದ್ದ ಒಂದು ಸಂಗತಿ ಕಿವಿಗೆ ಬಿದ್ದಿತು. ದೊಡ್ಡ ಆಟಗಾರರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಅವರಲ್ಲಿ ಗೋಲ್‌ಕೀಪರುಗಳಂತೂ ತೊಂಬತ್ತು ನಿಮಿಷ ಬಾಯಿ ಮುಚ್ಚುವುದಿಲ್ಲ.

ಮೈದಾನದ ಮಾತಿನ ಶುದ್ಧ ರೂಪ ನೋಡಬೇಕಾದರೆ ಕಣ್ಣು ಕಾಣದವರ ಫುಟ್‌ಬಾಲ್ ನೋಡಬೇಕು. ಅದು 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಿಂದ ಆ ಕೂಟದಲ್ಲಿದೆ. ಚೆಂಡಿನೊಳಗೆ ಗೆಜ್ಜೆಯಂಥ ಸದ್ದು ಮಾಡುವ ಸಾಧನ. ಆಟಗಾರರ ಕಣ್ಣಿಗೆ ಪಟ್ಟಿ. ಚೆಂಡಿನ ಕಡೆ ಅಥವಾ ಚೆಂಡಿದ್ದವನ ಕಡೆ ಹೋಗುವವನು ‘ವಾಯ್’ ಎನ್ನಲೇಬೇಕು. ನಾನು ಬರುತ್ತಿದ್ದೇನೆ ಎಂದು ಅದರರ್ಥ, ಸ್ಪ್ಯಾನಿಶ್ ಮಾತು. ಅನ್ನದಿದ್ದರೆ ಫೌಲ್. ನಮ್ಮ ‘ಖೋ’ದ ಹಾಗೆಯೇ! ಇನ್ನೂ ಒಂದು ನಿಯಮ ನನಗೆ ಬಲು ಹಿಡಿಸುತ್ತದೆ. ಅಲ್ಲಿ ದಾರಿ ಹೇಳುವವರು ಮೂವರು. ತಮ್ಮ ಗೋಲಿನ ಹತ್ತಿರದ ಮೂರನೇ ಒಂದು ಭಾಗದಲ್ಲಿ ಕಣ್ಣು ಕಾಣುವ ಗೋಲ್‌ಕೀಪರ್, ನಡುವಿನ ಭಾಗದಲ್ಲಿ ಕೋಚ್, ಎದುರಾಳಿಯ ಗೋಲಿನ ಹತ್ತಿರ ಆ ಗೋಲಿನ ಹಿಂದೆ ನಿಂತ ಮಾರ್ಗದರ್ಶಿ. ಚೆಂಡು ತಮ್ಮ ಭಾಗದಲ್ಲಿದ್ದಾಗ ಮಾತ್ರ ಅವರು ಮಾತಾಡಬೇಕು, ಉಳಿದ ಹೊತ್ತು ಬಾಯಿ ಮುಚ್ಚಿರಬೇಕು. ಚೆಂಡು ಆಟದಲ್ಲಿರುವಷ್ಟು ಹೊತ್ತು ಪ್ರೇಕ್ಷಕರೂ ಉಸಿರೆತ್ತುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳುವುದಿಲ್ಲ ಎಂಬುದನ್ನು ಅವರು ನಿಯಮವಾಗಿಯೇ ಬರೆದುಕೊಂಡಿದ್ದಾರೆ.

ಕಿವಿ ಕೇಳದವರು ಕಲಿಸಿದ್ದೂ ಇದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟಗಾರರು ವೃತ್ತವಾಗಿ ತಲೆ ಬಗ್ಗಿಸಿ ಕೂಡುವ ಪದ್ಧತಿ 1890ರ ದಶಕದಲ್ಲಿ ಕಿವುಡರ ಗಲೊಡೆಟ್ ಕಾಲೇಜಿನಲ್ಲಿ ಹುಟ್ಟಿತು ಎನ್ನುತ್ತಾರೆ. ತಮ್ಮ ಕೈಸನ್ನೆ ಎದುರಾಳಿಗೆ ಕಾಣಬಾರದು ಎಂದು ಪಾಲ್ ಹಬಾರ್ಡ್ ಎಂಬ ಆಟಗಾರ ಹೂಡಿದ ಉಪಾಯ ಅದು. ಆಷಾಢದ ಗಾಳಿ ಕಪ್ಪತಗುಡ್ಡದ ಮೇಲಿನ ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ಗಿರಗಿರ ತಿರುಗಿಸುವ ದಿನಗಳಲ್ಲಿ ನಮ್ಮ ಎರೆಭೂಮಿಯ ಬಯಲಿನಲ್ಲಿ ಗಾಳಿಗೆ ಎದುರಾಗಿ ಕೂಗಿದ್ದು ಹತ್ತು ಹೆಜ್ಜೆ ಆಚೆಗೂ ಕೇಳುವುದಿಲ್ಲ. ಆಗ ಕೈಯೇ ಬಾಯಿ. ಎಲ್ಲಿ ಬೇಕೋ ಆ ಕಡೆ ಬೆರಳು ತೋರಿಸುವುದು, ಬೇಡವಾದರೆ ಅಂಗೈ ಅಡ್ಡ ಹಿಡಿಯುವುದು. ಮಗ್ಗದ ಮನೆಯಲ್ಲಿ ಬೆಳೆದ ಮಗುವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲಾಳಿ ಓಡುತ್ತಿರುವಾಗ ಮನೆಯವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆಂದು ಅದು ನೋಡಿಯೇ ಬೆಳೆದಿರುತ್ತದೆ: ಕಡಿಮೆ ಪದ, ಸ್ಪಷ್ಟ ಸನ್ನೆ.

ಇಷ್ಟೆಲ್ಲ ಕಲಿಸುವ ಬಗೆ ಕಷ್ಟದ್ದೇನಲ್ಲ. ಎಂಟು ಹೆಜ್ಜೆಯ ಚೌಕದ ನಾಲ್ಕು ಮೂಲೆಗೆ ನಾಲ್ವರು, ನಡುವೆ ಚೆಂಡು ಕಸಿಯಲು ಒಬ್ಬ. ಪಾಸ್ ಕೊಡುವವನು ಒದೆಯುವ ಮೊದಲು ಯಾರಿಗೆ ಎಂದು ಹೆಸರು ಕೂಗಬೇಕು. ಮರೆತರೆ ಅವನೇ ನಡುವಿಗೆ. ಒಂದು ವಾರದಲ್ಲಿ ಹೆಸರು ರೂಢಿಯಾಗುತ್ತದೆ. ಮುಂದಿನ ವಾರ ಚೆಂಡು ಪಡೆಯುವವನ ಪಕ್ಕದ ಮೂಲೆಯವನು ‘ಬೆನ್ನಿಗೆ’ ಅಥವಾ ‘ನಿಧಾನ’ ಎಂದು ಸುದ್ದಿ ಕೊಡಬೇಕು. ಇಲ್ಲಿ ಸೊಗಸು ಶುರುವಾಗುತ್ತದೆ, ಏಕೆಂದರೆ ಚೆಂಡಿಗೆ ಸಂಬಂಧವೇ ಇಲ್ಲದ ಮಗುವೂ ಈಗ ಆಟದೊಳಗಿದೆ. ಆಮೇಲೆ ಹತ್ತು ನಿಮಿಷ ಯಾರೂ ತುಟಿ ಬಿಚ್ಚದೆ ಆಡಲಿ. ಮತ್ತೆ ಹತ್ತು ನಿಮಿಷ ಮಾತಾಡಿ ಆಡಲಿ. ಮುಗಿದ ಮೇಲೆ ಏನು ವ್ಯತ್ಯಾಸ ಕಂಡಿತು ಎಂದು ಮಕ್ಕಳನ್ನೇ ಕೇಳಿ, ಉಪದೇಶ ಬೇಡ. ಇನ್ನೊಂದು: ಒಬ್ಬನ ಕಣ್ಣಿಗೆ ಟವೆಲ್ ಕಟ್ಟಿ, ಜೊತೆಗಾರ ಬಾಯಿಮಾತಿನಿಂದಲೇ ಅವನನ್ನು ಚೆಂಡಿನವರೆಗೆ ನಡೆಸಬೇಕು. ‘ಅಲ್ಲಿ ಐತಿ ನೋಡು’ ಎಂಬುದು ಎಷ್ಟು ನಿರುಪಯೋಗದ ಮಾತು ಎಂದು ಎರಡೇ ನಿಮಿಷದಲ್ಲಿ ಇಬ್ಬರಿಗೂ ತಿಳಿಯುತ್ತದೆ. ಆಟದ ನಡುವೆ ಚಪ್ಪಾಳೆ ತಟ್ಟಿ ಎಲ್ಲರನ್ನೂ ನಿಲ್ಲಿಸಿ, ಒಬ್ಬನಿಗೆ ಕಣ್ಣು ಮುಚ್ಚಿಸಿ ‘ನಿನ್ನ ಬೆನ್ನ ಹಿಂದ ಯಾರ ಅದಾರ?’ ಎಂದು ಕೇಳುವ ಆಟವೂ ಒಳ್ಳೆಯದು. ಮಾತಾಡಬೇಕಾದರೆ ಮೊದಲು ಕಂಡಿರಬೇಕಲ್ಲ. ಏಳೆಂಟು ವರ್ಷದ ಕೂಸುಗಳಿಗೆ ಇದ್ಯಾವುದೂ ಬೇಡ, ಅವು ಚೆಂಡಿನ ಜೊತೆ ತಾವೇ ಮಾತಾಡಿಕೊಳ್ಳಲಿ.

‘ನಂದು’ ಎಂದು ಕೂಗಿದರೆ ರೆಫ್ರಿ ಫೌಲ್ ಕೊಡುತ್ತಾರೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇದು ಪೂರ್ತಿ ಸರಿಯಲ್ಲ. ಕೂಗಿ ಎದುರಾಳಿಯ ಗಮನ ಕೆಡಿಸುವುದು 12ನೇ ಕಾನೂನಿನ ಪ್ರಕಾರ ಹಳದಿ ಕಾರ್ಡಿನ ತಪ್ಪು. ಜೊತೆಗಾರನಿಗೆ ಸುದ್ದಿ ಕೊಡುವುದು ತಪ್ಪಲ್ಲ. ಆದರೂ ಹೆಸರು ಸೇರಿಸಿ ಕೂಗುವುದು ಲೇಸು, ಅನುಮಾನಕ್ಕೇ ಎಡೆಯಿಲ್ಲ.

ಮಕ್ಕಳ ಮೌನಕ್ಕೆ ಪದ ಗೊತ್ತಿಲ್ಲದಿರುವುದೊಂದೇ ಕಾರಣವಲ್ಲ. ಕೂಗಿ ಕೇಳಿದ ಮೇಲೆ ಚೆಂಡು ಕಳೆದರೆ ತಪ್ಪು ತನ್ನ ತಲೆಗೆ ಬರುತ್ತದೆ ಎಂಬ ಭಯ ಇರುತ್ತದೆ. ಸುಮ್ಮನಿದ್ದವನನ್ನು ಯಾರೂ ಬೈಯುವುದಿಲ್ಲ. ಹುಡುಗಿಯರಿಗಂತೂ ಈ ಮೌನ ಮೈದಾನಕ್ಕೆ ಬರುವ ಮೊದಲೇ ಕಲಿಸಿದ್ದು. ‘ಹೆಣ್ಮಕ್ಳು ಮೆಲ್ಲಗ ಮಾತಾಡಬೇಕು’ ಎಂದು ಮನೆಯಲ್ಲಿ ಹತ್ತು ವರ್ಷ ಕೇಳಿಸಿಕೊಂಡು ಬಂದ ಹುಡುಗಿಗೆ ಒಂದು ದಿನ ದಿಢೀರನೆ ‘ಗಟ್ಟಿಯಾಗಿ ಕೂಗು’ ಎಂದರೆ ಅವಳು ಹೇಗೆ ಕೂಗಿಯಾಳು? ಅವಳ ಮೊದಲ ಕೂಗು ಕೀರಲಾಗಿ ಬರುತ್ತದೆ, ಗೆರೆಯಾಚೆ ನಿಂತವರು ನಗುತ್ತಾರೆ, ಎರಡನೆಯದು ಬರುವುದೇ ಇಲ್ಲ. ಆ ನಗೆಯನ್ನು ತಡೆಯುವುದು ತರಬೇತಿಯ ಮೊದಲ ಪಾಠ. ಖೋ ಖೋ ಅಂಗಳದಲ್ಲಿ ಅದೇ ಹುಡುಗಿ ಊರಿಗೆಲ್ಲ ಕೇಳುವಂತೆ ‘ಖೋ’ ಎಂದಾಗ ಯಾರೂ ನಗುವುದಿಲ್ಲವಲ್ಲ. ಅಲ್ಲಿ ಅದು ಆಟದ ಭಾಗವೆಂದು ಊರು ಒಪ್ಪಿಕೊಂಡಿದೆ. ಇಲ್ಲಿಯೂ ಒಪ್ಪಿಕೊಳ್ಳಬೇಕು.

ದೊಡ್ಡವರ ಬಾಯಿಯ ಬಗ್ಗೆಯೂ ಹೇಳಬೇಕು. ಗೆರೆಯ ಹೊರಗೆ ನಿಂತ ಕೋಚ್, ಅಪ್ಪ, ಕಾಕಾ ಎಲ್ಲರೂ ಒಟ್ಟಿಗೆ ಕೂಗಿದರೆ ಮಗು ಯಾರ ಮಾತು ಕೇಳಬೇಕು? ಅಮೆರಿಕದ ಒಹಾಯೊ ರಾಜ್ಯದ ಬಾಲಕಿಯರ ಲೀಗೊಂದು 1999ರಲ್ಲಿ ಒಂದು ಭಾನುವಾರ ದೊಡ್ಡವರೆಲ್ಲ ಬಾಯಿ ಮುಚ್ಚಿ ನಿಲ್ಲಬೇಕು ಎಂದು ನಿಯಮ ಮಾಡಿತು. ಆಮೇಲೆ ಇಂಗ್ಲೆಂಡಿನಲ್ಲೂ ಮಕ್ಕಳ ಪಂದ್ಯಗಳಲ್ಲಿ ಅಂಥ ಮೌನದ ವಾರಾಂತ್ಯ ನಡೆಸಿದರು. ದೊಡ್ಡವರ ದನಿ ನಿಂತ ಮೇಲೆ ಮಕ್ಕಳ ದನಿ ಹೊರಬರಲು ಜಾಗ ಸಿಗುತ್ತದೆ.

ಬೇರೆ ಬೇರೆ ಮನೆಮಾತಿನವರು ಕೂಡಿ ಒಂದೇ ತಂಡವಾಗುವುದು ಕರ್ನಾಟಕದ ಫುಟ್‌ಬಾಲ್‌ಗೆ ಹೊಸದೇನಲ್ಲ. ಬೆಂಗಳೂರಿನ ಅಹಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಂದಿಗೆ ‘ಪಂಚ ಪಾಂಡವರು’ ಎನಿಸಿಕೊಂಡರು. ದಕ್ಷಿಣದ ಬೇರೆ ಬೇರೆ 
ಊರುಗಳಿಂದ ಹೋದ ಐವರು ಬಂಗಾಳಿಗಳ ನಡುವೆ ಆಡಿದ ಆ ಮುಂಪಡೆಯನ್ನು ಕೋಲ್ಕತ್ತ ಇವತ್ತಿಗೂ ನೆನೆಯುತ್ತದೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಅದೇ ಮೊದಲು. ಅಂದು ಗೋಲು ಹೊಡೆದವರು ಎಂ. ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ಬೆಂಗಳೂರಿನ ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ಇರುವ ಗೌತಮಪುರದ ಗಲ್ಲಿಗಳಲ್ಲಿ ತಮಿಳು, ಉರ್ದು, ಕನ್ನಡ ಒಂದೇ ಆಟದಲ್ಲಿ ಕೇಳುತ್ತವೆ. ಮೈದಾನದ ಭಾಷೆಗೆ ವ್ಯಾಕರಣ ಬೇಕಿಲ್ಲ, ಒಪ್ಪಂದ ಬೇಕು. ಶಿಗ್ಲಿಯ ಮಕ್ಕಳಿಗೂ ನಾಳೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೆ ‘ಮ್ಯಾನ್ ಆನ್’ ಕಲಿಯಲು ಒಂದು ದಿನ ಸಾಕು. ಏಕೆಂದರೆ ಯಾವಾಗ ಕೂಗಬೇಕು ಎಂಬುದು ಅವರಿಗೆ ಆಗಲೇ ಗೊತ್ತಿರುತ್ತದೆ.

ಈಗ ಇದನ್ನೆಲ್ಲ ಹೇಳಲು ಒಂದು ಕಾರಣವಿದೆ. ಫಿಫಾ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮತ್ತು ಕೇಂದ್ರ ಶಿಕ್ಷಣ ಇಲಾಖೆ 2022ರ ಅಕ್ಟೋಬರ್‌ನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ದೇಶದ ಶಾಲೆಗಳಿಗೆ 11 ಲಕ್ಷಕ್ಕೂ ಹೆಚ್ಚು ಫುಟ್‌ಬಾಲ್‌ಗಳನ್ನು ಹಂಚುವ ಯೋಜನೆ ಹೊರಟಿತು. ಚೆಂಡು ಪೆಟ್ಟಿಗೆಯಲ್ಲಿ ಬರುತ್ತದೆ. ಮಾತು ಹಾಗೆ ಬರುವುದಿಲ್ಲ, ಅದನ್ನು ಊರಿನವರೇ ಕೊಡಬೇಕು.

ಆದ್ದರಿಂದ ಶಿಗ್ಲಿಯ, ಲಕ್ಷ್ಮೇಶ್ವರದ, ಶಿರಹಟ್ಟಿಯ, ಮುಂಡರಗಿಯ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ನನ್ನದೊಂದು ಕೋರಿಕೆ. ಬರುವ ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಐವರು ಮಕ್ಕಳನ್ನು ಬಯಲಿನಲ್ಲಿ ನಿಲ್ಲಿಸಿ, ನಾಲ್ವರನ್ನು ಮೂಲೆಗೆ, ಒಬ್ಬರನ್ನು ನಡುವಿಗೆ. ಹೆಸರು ಕೂಗದೆ ಯಾರೂ ಚೆಂಡು ಕೊಡಬಾರದು ಎಂದಷ್ಟೇ ಹೇಳಿ. ಉಳಿದ ಪದಗಳನ್ನು ಅವರೇ ಆರಿಸಲಿ. ಆಮೇಲೆ ಆಟಕ್ಕಿಳಿದಾಗ ಗೋಲಿಗೆ, ಈ ಒಂದು ಸಲ, ಎಲ್ಲರಿಗಿಂತ ಸಣ್ಣ ದನಿಯ ಹುಡುಗಿಯನ್ನು ನೀವೇ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿ. ಅವಳು ಕೂಗುವವರೆಗೆ ನೀವು ಸುಮ್ಮನಿರಿ.